ನಾಲ್ಕು ಜ್ವರದ ನೌಕರ

ಬಾಸ್ ಹೇಳಿದ ಅರ್ಜೆಂಟ್ ಕೆಲಸವನ್ನು ರಾತ್ರಿಯಿಡೀ ಕೂತು ಮುಗಿಸಿ ಶಹಬ್ಬಾಸ್ ಅನ್ನಿಸಿಕೊಂಡವರು ಕನಕಪುರದ ಕಡೆ ಬಂದಾಗ ಸ್ವಲ್ಪ ತಗ್ಗಿಬಗ್ಗಿ ಮಾತಾಡಬೇಕು. ಇಲ್ಲಿನ ಹಳ್ಳಿಗಳಲ್ಲಿ ಅವರಪ್ಪನಂಥ ನೌಕರರಿದ್ದಾರೆ: ರೇಷ್ಮೆ ಹುಳಗಳು.

ಮೊದಮೊದಲು ಇವುಗಳದ್ದೂ ನಮ್ಮ ಕಥೆಯೇ. ತಿನ್ನುವುದು, ಬಿದ್ದುಕೊಳ್ಳುವುದು. ಸಾಲದ್ದಕ್ಕೆ ನಾಲ್ಕು ಸಲ ‘ಜ್ವರ’ಕ್ಕೆ ಬೇರೆ ಕೂರುತ್ತವೆ, ತಲೆಯೆತ್ತಿಕೊಂಡು, ಸೊಪ್ಪು ಮುಟ್ಟದೆ, ಅಲ್ಲಾಡದೆ. ಅಸಲಿಗೆ ಪೊರೆ ಬಿಡುವ ರಜೆ ಅದು. ನಾಲ್ಕನೇ ಜ್ವರ ಬಿಟ್ಟ ಮೇಲೆ ನೋಡಿ ಆರ್ಭಟ! ಇಡೀ ಬೆಳೆಗೆ ಬೇಕಾದ ಹಿಪ್ಪುನೇರಳೆಯಲ್ಲಿ ಸುಮಾರು ಶೇ. 80 ಖಾಲಿಯಾಗುವುದು ಆ ಕೊನೆಯ ವಾರದಲ್ಲೇ. ಹುಳದ ಮನೆಯೊಳಗೆ ಹೋದರೆ ಸೋನೆ ಮಳೆ ಸುರಿದಂತೆ ಸದ್ದು. ಮನೆಯವರ ಊಟ ತಡವಾದರೂ ಸೈ, ಅವುಗಳದ್ದು ತಡವಾಗುವಂತಿಲ್ಲ.

ಹಣ್ಣಾದ ಹುಳವನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಬಿಟ್ಟರೆ ಮುಗಿಯಿತು. ತಲೆಯನ್ನು ಅತ್ತಿತ್ತ ಆಡಿಸುತ್ತಾ ಎರಡು ಮೂರು ದಿನ ಒಂದೇ ಸಮ ನೂಲುತ್ತದೆ. ಟೀ ಇಲ್ಲ, ಓಟಿ ಕೇಳುವುದಿಲ್ಲ. ಒಳ್ಳೆಯ ದ್ವಿತಳಿ ಗೂಡಾದರೆ ಹತ್ತಿರ ಹತ್ತಿರ 1000 ಮೀಟರ್, ಅದೂ ಒಂದೇ ಎಳೆ!

ರಾಮನಗರದ ಮಾರುಕಟ್ಟೆಯಲ್ಲಿ ನೂಲು ಬಿಚ್ಚುವ ರೀಲರು ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ, ಹಿಸುಕಿ, ಹರಾಜಿನಲ್ಲಿ ಒಳ್ಳೆ ರೇಟು ಹಾಕಿದಾಗ ಹುಳ ಸಾಕಿದ ಯಜಮಾನರ ಮೀಸೆ ತಾನಾಗಿ ಮೇಲೇಳುತ್ತದೆ. ದುಡಿದ ನೌಕರನಿಗೆ ಬಹುಮಾನ? ಹಬೆಸ್ನಾನ, ಆಮೇಲೆ ಕುದಿನೀರು. ನಮ್ಮ ಬಾಸ್ ಎಷ್ಟೋ ವಾಸಿ, ತಟ್ಟೆ ಇಡ್ಲಿಯನ್ನಾದರೂ ಕೊಡಿಸುತ್ತಾರೆ. ಯಜಮಾನರೋ, ದುಡ್ಡು ಕೈಸೇರುವ ಮೊದಲೇ ಮುಂದಿನ ಬೆಳೆಯ ಚಾಕಿ (ಮರಿ) ಹುಳಕ್ಕೆ ಫೋನು ಹಚ್ಚಿದ್ದಾರೆ.