ಉತ್ಸಾಹಮೂರ್ತಿ

ಕತ್ರಿಗುಪ್ಪೆಯ ಪ್ರತಿ ಕ್ರಾಸಿನಲ್ಲೂ ಒಬ್ಬ ಉತ್ಸಾಹಮೂರ್ತಿ ಇದ್ದಾನೆ. ಇದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕಂಪನಿಯಲ್ಲಿ ಜನ ಕಡಿಮೆ ಮಾಡ್ತಾರಂತೆ ಎಂಬ ಸುದ್ದಿ ಹಬ್ಬಿದ ಮೇಲೆ ತಾನಾಗಿ ಬಂದ ಬಿರುದು. ವಯಸ್ಸು ನಲವತ್ತೆರಡರ ಮೇಲೆ, ಐವತ್ತರ ಒಳಗೆ. ಮನೆ ಬನಶಂಕರಿ ಮೂರನೇ ಹಂತದಲ್ಲಿ, ಸಾಲ ಮೂರನೇ ಬ್ಯಾಂಕಿನಲ್ಲಿ, ಮಗಳು ಎಂಟನೇ ಕ್ಲಾಸಿನಲ್ಲಿ. ಕೊರಳಲ್ಲಿ ಟ್ಯಾಗು, ಮುಖದಲ್ಲಿ ನಗು. ಎರಡನ್ನೂ ಮನೆಯಲ್ಲೇ ತೊಟ್ಟುಕೊಂಡು ಹೊರಡುತ್ತಾನೆ.

ಮೊದಲು ಹೀಗಿರಲಿಲ್ಲ. ಕೆಲಸ ಗಟ್ಟಿಯಾಗಿದ್ದ ಕಾಲದಲ್ಲಿ ಅವನಷ್ಟು ಗೊಣಗುವವನು ಈ ರಸ್ತೆಯಲ್ಲೇ ಇರಲಿಲ್ಲ. "ಸಾಕಾಗಿದೆ ಸಾರ್, ಬಿಟ್ಬಿಡ್ತೀನಿ. ಕನಕಪುರದ ಕಡೆ ಎರಡೆಕರೆ ತಗೊಂಡು ತೆಂಗು ಹಾಕ್ಕೊಂಡು ಇರ್ತೀನಿ" ಎಂದು ಭಾನುವಾರಕ್ಕೊಮ್ಮೆ ಹೇಳುತ್ತಿದ್ದ. ಈಗ ಯಾರಾದರೂ ತೆಂಗು ಎಂದರೆ ಸಾಕು, ಮಾತು ಬದಲಿಸುತ್ತಾನೆ. ನಾವು ಬಿಡುವ ಕೆಲಸದ ಮೇಲೆ ಇಲ್ಲದ ಪ್ರೀತಿ ನಮ್ಮನ್ನು ಬಿಡುವ ಕೆಲಸದ ಮೇಲೆ ಉಕ್ಕುತ್ತದೆ.

ಬಿರುದಿಗೆ ಮುಹೂರ್ತ ಕೂಡಿಬಂದದ್ದು 2025ರ ಜುಲೈ ಕೊನೆಯಲ್ಲಿ. ಟಿಸಿಎಸ್ ತನ್ನ ನೌಕರರಲ್ಲಿ ಶೇ. 2ರಷ್ಟು, ಅಂದರೆ ಸುಮಾರು 12,000 ಮಂದಿಯನ್ನು ಕೈಬಿಡುವುದಾಗಿ ಹೇಳಿತು. ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ಹಂತದವರು ಎಂದೂ ಸೇರಿಸಿತು. ಜೂನ್ ತಿಂಗಳಲ್ಲೇ ಅಲ್ಲಿ ಇನ್ನೊಂದು ನಿಯಮ ಬಂದಿತ್ತು: ವರ್ಷಕ್ಕೆ 225 ದಿನ ಬಿಲ್ ಆಗುವ ಕೆಲಸ ಇರಲೇಬೇಕು, ಪ್ರಾಜೆಕ್ಟಿಲ್ಲದೆ ಬೆಂಚಿನ ಮೇಲೆ ಕೂರುವುದು 35 ದಿನ ದಾಟುವಂತಿಲ್ಲ. ನಮ್ಮ ಉತ್ಸಾಹಮೂರ್ತಿ ಆ ಕಂಪನಿಯವನಲ್ಲ. ಆದರೆ ಒಬ್ಬರು ಮಾಡಿದ್ದನ್ನು ಎಲ್ಲರೂ ಮಾಡುವುದು ಈ ಉದ್ಯಮದ ಸಂಪ್ರದಾಯ ಎಂಬುದು ಅವನಿಗೆ ಗೊತ್ತು. ಇನ್‌ಕ್ರಿಮೆಂಟ್ ಮುಂದೂಡುವಾಗ ಅದನ್ನು ಚೆನ್ನಾಗಿ ಅನುಭವಿಸಿದ್ದಾನೆ. 'ಮಧ್ಯಮ ಹಂತ' ಎಂಬ ಮಾತು ನೇರ ಎದೆಗೆ ಬಡಿಯಿತು. ಇಪ್ಪತ್ತು ವರ್ಷ ಹಲ್ಲು ಕಚ್ಚಿ ಏರಿದ್ದು ಆ ಹಂತಕ್ಕೇ.

ಅಷ್ಟರಲ್ಲಿ ಇನ್ನೊಂದು ಪೆಟ್ಟು. ಆಗಸ್ಟ್ 10ರಂದು ಹಳದಿ ಮೆಟ್ರೊ ಉದ್ಘಾಟನೆಯಾಗಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಗಾಡಿ ಓಡತೊಡಗಿತು. ಊರೆಲ್ಲ ಹಿಗ್ಗಿತು, ಅವನು ಮಾತ್ರ ಅರ್ಧ ಹಿಗ್ಗಿದ. ಸಿಲ್ಕ್ ಬೋರ್ಡ್ ಜಾಮು ಅವನ ಬಹುಕಾಲದ ಆಪದ್ಬಾಂಧವ. "ಸ್ಟಕ್ ಅಟ್ ಸಿಲ್ಕ್ ಬೋರ್ಡ್" ಎಂಬ ಒಂದೇ ಮೆಸೇಜಿನ ಮೇಲೆ ಎಷ್ಟು ಬೆಳಗಿನ ಮೀಟಿಂಗುಗಳನ್ನು ಹಾಸಿಗೆಯಲ್ಲೇ ದಾಟಿದ್ದನೋ! ಈಗ ಬನಶಂಕರಿಯಲ್ಲಿ ಹಸಿರು ಗಾಡಿ ಹತ್ತಿ, ಮುಂದಿನ ಸ್ಟೇಷನ್ನಿನಲ್ಲೇ ಇಳಿದು ಹಳದಿಗೆ ಬದಲಾಯಿಸಿದರೆ ಎಲೆಕ್ಟ್ರಾನಿಕ್ ಸಿಟಿ. ನೆಪ ಹೇಳೋಣವೆಂದರೆ ಕೆಳಗೆ ಸಿಲ್ಕ್ ಬೋರ್ಡ್ ತನ್ನ ಪಾಡಿಗೆ ಹಾರ್ನ್ ಹೊಡೆಯುತ್ತಿರುತ್ತದೆ, ಮೇಲೆ ಇವನು ಸರಿಯಾದ ಸಮಯಕ್ಕೆ ಹೋಗುತ್ತಿರುತ್ತಾನೆ.

ಆಫೀಸಿನಲ್ಲಿ ಅವನನ್ನು ನೋಡಬೇಕು. ಮೀಟಿಂಗಿನಲ್ಲಿ ಕ್ಯಾಮೆರಾ ಮೊದಲು ಆನ್ ಆಗುವುದು ಅವನದೇ. ನೇತಾಡುತ್ತಿರುವ ಪ್ರಾಜೆಕ್ಟಿನ ಬಗ್ಗೆ ಮಾತಾಡುವಾಗಲೂ "ಎಕ್ಸೈಟಿಂಗ್" ಎನ್ನುತ್ತಾನೆ. ಸಂಜೆ ಏಳಕ್ಕೆ ಬರೆದ ಮೇಲನ್ನು ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಹೋಗುವಂತೆ ಸಮಯ ಹೊಂದಿಸಿಟ್ಟು, ಹತ್ತಕ್ಕೇ ಮಲಗುತ್ತಾನೆ. ಐಟಿಯವರ ಕೆಲಸದ ಅವಧಿಯನ್ನು ದಿನಕ್ಕೆ 14 ಗಂಟೆವರೆಗೆ ಏರಿಸುವ ಪ್ರಸ್ತಾವ 2024ರ ಜುಲೈಯಲ್ಲಿ ರಾಜ್ಯ ಸರ್ಕಾರದ ಮುಂದೆ ಬಂದಾಗ, ಐಟಿ ನೌಕರರ ಸಂಘ ಕಿಟು ಬೀದಿಗಿಳಿದು ವಿರೋಧಿಸಿತ್ತು. "ಇವರಿಗೆ ಮಾಡೋಕೆ ಬೇರೆ ಕೆಲಸ ಇಲ್ವಾ?" ಎಂದು ಆಗ ನಕ್ಕಿದ್ದ. ಈಗ ಯಾವ ಕಾನೂನಿನ ತಿದ್ದುಪಡಿಯೂ ಇಲ್ಲದೆ ತಾನೇ 14 ಗಂಟೆ ಕೆಲಸ ಮಾಡುತ್ತಾನೆ, ಅಥವಾ ಮಾಡಿದಂತೆ ಕಾಣುತ್ತಾನೆ. ಕಿಟುವಿನ ಪೋಸ್ಟುಗಳನ್ನು ಲೈಕ್ ಒತ್ತದೆ ಓದುತ್ತಾನೆ.

ಅವನ ಪ್ರತಿಭೆಗೆ ನಿಜವಾದ ಪರೀಕ್ಷೆ ಬಂದದ್ದು ಕೆ.ಟಿ. ರೂಪದಲ್ಲಿ. ಗೊತ್ತಿದ್ದುದನ್ನೆಲ್ಲ ಇನ್ನೊಬ್ಬರಿಗೆ ದಾಟಿಸುವುದಕ್ಕೆ ಅಲ್ಲಿ ಹಾಗೆನ್ನುತ್ತಾರೆ. "ಹಳೆಯ ಸಿಸ್ಟಮ್ ಬಗ್ಗೆ ನಿಮಗೆ ಗೊತ್ತಿರೋದನ್ನೆಲ್ಲ ಡಾಕ್ಯುಮೆಂಟ್ ಮಾಡಿಕೊಡಿ" ಎಂದರು. ಎಲ್ಲ ಬರೆದುಕೊಟ್ಟರೆ ತಾನು ಬೇಡ. ಬರೆಯದಿದ್ದರೆ ಸಹಕಾರ ಮನೋಭಾವ ಇಲ್ಲದವನು, ಆದ್ದರಿಂದ ಬೇಡ. ಎರಡು ರಾತ್ರಿ ಹೊರಳಾಡಿ ಮೂರನೆಯ ದಾರಿ ಕಂಡುಕೊಂಡ. ಡಾಕ್ಯುಮೆಂಟ್ ನೂರು ಪುಟ ದಾಟಿತು. ಬಣ್ಣದ ಚಿತ್ರಗಳು, ಬಾಣದ ಗುರುತುಗಳು, ಪರಿವಿಡಿ, ಅನುಬಂಧ, ಎಲ್ಲ ಇತ್ತು. ತಿಂಗಳ ಕೊನೆಯ ರಾತ್ರಿ ಸಿಸ್ಟಮ್ ಕುಸಿದು ಬಿದ್ದಾಗ ಯಾವ ಫೈಲನ್ನು ಕೈಯಾರೆ ತೆಗೆದುಹಾಕಬೇಕು ಎಂಬುದೊಂದು ಇರಲಿಲ್ಲ. ಮುಂದಿನ ತಿಂಗಳ ಕೊನೆಯ ರಾತ್ರಿ ಫೋನು ಬಂತು. ಎಚ್ಚರವಾಗಿಯೇ ಇದ್ದವನು ನಾಲ್ಕು ರಿಂಗ್ ಆಗಲಿ ಎಂದು ಕಾದು ಎತ್ತಿದ. ಆ ವಾರವೆಲ್ಲ ಕತ್ರಿಗುಪ್ಪೆ ಮೇನ್ ರೋಡಿನಲ್ಲಿ ಶಿಳ್ಳೆ ಹಾಕುತ್ತ ಓಡಾಡಿದ.

ಈ ನಡುವೆ ಕಾನೂನಿನ ಮೇಲೂ ಆಸಕ್ತಿ ಹುಟ್ಟಿದೆ. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವಲ್ಲ, ಅವತ್ತು ರಾತ್ರಿ ಮೊಬೈಲಿನಲ್ಲೇ ಓದಿ ಮುಗಿಸಿದ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದಂತೆ ಇವುಗಳಲ್ಲೂ, ಹೆಚ್ಚುವರಿ ಎಂದು ತೆಗೆಯುವಾಗ ಒಂದು ತಿಂಗಳ ನೋಟಿಸು, ಪೂರೈಸಿದ ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ವೇತನ ಉಂಟು. ಕೂಡಿ, ಗುಣಿಸಿ, ಖುಷಿಪಡುವ ಹೊತ್ತಿಗೆ ವ್ಯಾಖ್ಯೆ ಕಣ್ಣಿಗೆ ಬಿತ್ತು. ಇದೆಲ್ಲ ಕಾರ್ಮಿಕನಿಗೆ. ಮ್ಯಾನೇಜರ್ ಕೆಲಸದವನು ಕಾರ್ಮಿಕನಲ್ಲ. ಮೇಲ್ವಿಚಾರಣೆ ಮಾಡುತ್ತ ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವವನೂ ಅಲ್ಲ. ಮ್ಯಾನೇಜರ್ ಎಂಬ ಪದವಿಗಾಗಿ ಅವನು ಅಪ್ರೈಸಲ್ ಅಪ್ರೈಸಲ್ಲಿಗೂ ಜಗಳವಾಡಿದ್ದ. ಸಿಕ್ಕಿದ ದಿನ ಗೇಟಿನ ನಾಮಫಲಕ ಬದಲಾಯಿಸಿ, ಬೀದಿಗೆಲ್ಲ ಮೈಸೂರುಪಾಕು ಹಂಚಿದ್ದ. ಈಗ ತಾನು ಯಾರನ್ನೂ ಮ್ಯಾನೇಜ್ ಮಾಡಿಲ್ಲ, ತನ್ನ ಮಾತನ್ನು ಒಬ್ಬರೂ ಕೇಳಿಲ್ಲ ಎಂಬುದಕ್ಕೆ ಪುರಾವೆ ಕೂಡಿಹಾಕುತ್ತಿದ್ದಾನೆ. ಪುರಾವೆ ಯಥೇಚ್ಛವಾಗಿ ಸಿಗುತ್ತಿದೆ.

ಮನೆಯಲ್ಲಿ ಯಾರಿಗೂ ಏನೂ ಹೇಳಿಲ್ಲ. ಹೇಳಬೇಕಾಗಿಯೂ ಇಲ್ಲ.

"ರೀ, ಅಡುಗೆಮನೆ ಕಬೋರ್ಡಿನವನು ಅಳತೆ ತಗೊಳೋಕೆ ಬರ್ಲಾ ಅಂತ ಕೇಳ್ತಿದಾನೆ."

"ಮುಂದಿನ ಕ್ವಾರ್ಟರ್ ನೋಡೋಣ."

"ಅಡುಗೆಮನೆಗೂ ಕ್ವಾರ್ಟರ್ ಬಂತಾ?" ಎಂದು ಆಕೆ ನಕ್ಕು ಸುಮ್ಮನಾದಳು. ಮದುವೆಯಾದಾಗಿನಿಂದ ಆಫೀಸಿನಿಂದ ಬಂದು ಮ್ಯಾನೇಜರನ್ನು ಬೈಯದೆ ಊಟ ಮಾಡಿದವನಲ್ಲ. ಮೂರು ತಿಂಗಳಿಂದ ಬೈಗುಳ ನಿಂತಿದೆ, ಸಾರು ಚೆನ್ನಾಗಿದೆ ಎನ್ನುತ್ತಾನೆ, ಒಗೆದ ಬಟ್ಟೆ ಮಡಚಿಡುತ್ತಾನೆ. ಹೆಂಡತಿಗೆ ಇದಕ್ಕಿಂತ ದೊಡ್ಡ ನೋಟಿಸು ಬೇಕೆ? ಆಕೆ ಆಗಲೇ ಚೀಟಿಯ ದುಡ್ಡು ಎತ್ತಿ, ಅವನಿಗೆ ಗೊತ್ತಿಲ್ಲದ ಖಾತೆಯಲ್ಲಿ ಇಟ್ಟಾಗಿದೆ.

ಅಪ್ಪನಿಗಂತೂ ಮೊದಲ ದಿನವೇ ವಾಸನೆ ಬಡಿದಿತ್ತು. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ದುಡಿದವರು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪುವುದಕ್ಕೆ ಎಷ್ಟೋ ಮೊದಲೇ ವಿಆರ್‌ಎಸ್ ತೆಗೆದುಕೊಂಡು, ಆ ದುಡ್ಡಿನಲ್ಲಿ ಈ ಸೈಟಿನ ಮೇಲೆ ಕೆಳಗಿನ ಮನೆ ಕಟ್ಟಿಸಿದವರು. ಮೇಲಿನದು ಮಗನ ಸಾಲದ್ದು.

"ಏನೋ, ಇಷ್ಟು ಬೇಗ ಹೊರಟೆ? ನಿಮ್ಮಲ್ಲೂ ಆರ್ಡರ್ ಇಲ್ವಾ?"

"ಅಪ್ಪ, ನಮ್ಮದು ಐಟಿ."

"ಗೊತ್ತು ಕಣೋ. ನಮ್ಮಲ್ಲಿ ಆರ್ಡರ್ ಕಮ್ಮಿ ಆದಷ್ಟೂ ಹಾಜರಾತಿ ಚೆನ್ನಾಗಿರ್ತಿತ್ತು. ವಾಚ್ ಮಾಡೋರೇ ಲೇಟ್ ಅನ್ನಿಸ್ಕೋಬಾರದಲ್ಲ. ಕೆಲಸ ಇರ್ಲಿಲ್ಲ, ಮೆಷಿನ್ ಒರೆಸ್ತಿದ್ವಿ. ಮುಖ ಕಾಣೋ ಹಂಗೆ ಒರೆಸ್ತಿದ್ವಿ."

"ಒರೆಸಿ ಏನು ಬಂತು?"

"ಹೊಳೆಯೋ ಮೆಷಿನ್ನಿಗೆ ಹರಾಜಲ್ಲಿ ಒಳ್ಳೆ ರೇಟು."

ಇನ್ನೊಂದು ದಿನ, ಸೋಮವಾರದ ಮೋಟಿವೇಶನ್ ಸೆಶನ್ನಿಗೆ ತಡವಾಗುತ್ತದೆಂದು ಮಗ ತಿಂಡಿ ಬಿಟ್ಟು ಓಡುತ್ತಿದ್ದಾಗ ತಡೆದು ನಿಲ್ಲಿಸಿದರು. "ನಮ್ಮ ವಾಚಿಗೆ ದಿನಾ ಬೆಳಗ್ಗೆ ಕೀ ಕೊಡ್ಬೇಕಿತ್ತು. ಕ್ವಾರ್ಟ್ಜ್ ಬಂತು, ಶೆಲ್ ಹಾಕಿದ್ರೆ ತಾನಾಗಿ ಓಡೋದು. ಜನ ಅತ್ಲಾಗೆ ಹೋದ್ರು. ಈಗ ನಿಮಗೂ ಸೋಮವಾರ ಸೋಮವಾರ ಕರೆದು ಕೀ ಕೊಡ್ತಿದಾರೆ. ಕೀ ಕೇಳದ ಎಐ ಪಕ್ಕದಲ್ಲೇ ಕೂತಿದೆ. ನೋಡ್ಕೋ, ಅಷ್ಟೆ." ಉತ್ಸಾಹಮೂರ್ತಿ ಏನೂ ಹೇಳಲಿಲ್ಲ. ಮೆಟ್ರೊದಲ್ಲಿ ಕೂತು ಮೂರನೆಯ ಎಐ ಕೋರ್ಸಿಗೆ ಹೆಸರು ನೋಂದಾಯಿಸಿದ.

ಭಾನುವಾರ ಬೆಳಗ್ಗೆ ಕತ್ರಿಗುಪ್ಪೆಯ ದರ್ಶಿನಿಯಲ್ಲಿ ಉತ್ಸಾಹಮೂರ್ತಿಗಳ ಸಮ್ಮೇಳನ. ನಿಂತುಕೊಂಡೇ ಖಾಲಿ ದೋಸೆ, ಬೈಟು ಕಾಫಿ. ಯಾರೂ ನೇರ ಕೇಳುವುದಿಲ್ಲ. "ಪ್ರಾಜೆಕ್ಟ್ ಹೇಗಿದೆ ಸಾರ್?" ಎಂದರೆ "ಬಿಲ್ಲು ಆಗ್ತಿದೀರಾ?" ಎಂದರ್ಥ. "ಸೂಪರ್, ತುಂಬಾ ಬ್ಯುಸಿ" ಎಂದರೆ ಆಗುತ್ತಿಲ್ಲ ಎಂದರ್ಥ. ಅವರ ನಡುವೆ ಒಬ್ಬ ಮಾತ್ರ ಬರ್ಮುಡಾ ಚಡ್ಡಿಯಲ್ಲಿ, ಗಡ್ಡ ಬಿಟ್ಟುಕೊಂಡು, ಚಟ್ನಿ ಎರಡನೇ ಸಲ ಹಾಕಿಸಿಕೊಂಡು ನೆಮ್ಮದಿಯಾಗಿ ತಿನ್ನುತ್ತಿದ್ದ. ಅವನಿಗೆ ಹೋದ ತಿಂಗಳೇ ನೋಟಿಸು ಕೊಟ್ಟು ಕಳಿಸಿದ್ದರು. ಸಮಾಧಾನ ಹೇಳಲು ಎಲ್ಲರೂ ಸುತ್ತ ನಿಂತರು. ಬಾಯಿ ತೆರೆದರೆ ಬೇರೆಯದೇ ಬಂತು.

"ರಾತ್ರಿ ನಿದ್ದೆ ಬರುತ್ತಾ ಸಾರ್?"

"ಗೊರಕೆ ಹೊಡೀತೀರಿ ಅಂತಾಳೆ ಹೆಂಡ್ತಿ."

"ನಿಮಗೇನ್ರಿ," ಎಂದು ಉತ್ಸಾಹಮೂರ್ತಿ ಹೊಟ್ಟೆಕಿಚ್ಚಿನಿಂದ ಹೇಳಿದ, "ಆಗ್ಹೋಗಿದೆ!"

ಕೊನೆಗೂ ಪಟ್ಟಿ ಬಂತು. ಉತ್ಸಾಹಮೂರ್ತಿಯ ಹೆಸರು ಅದರಲ್ಲಿರಲಿಲ್ಲ. ಸೋಮವಾರದ ಸೆಶನ್ ನಡೆಸುತ್ತಿದ್ದ ಅವನ ಮ್ಯಾನೇಜರ್ ಹೆಸರಿತ್ತು. ಬೀಳ್ಕೊಡುಗೆಯ ಕೇಕು ತರಿಸುವ ಹೊಣೆ ಉತ್ಸಾಹಮೂರ್ತಿಗೇ ಬಂತು. ಅವನ ಹುಮ್ಮಸ್ಸನ್ನು ಮೇಲಿನವರು ಗಮನಿಸಿದ್ದರು. ಸೋಮವಾರದ ಸೆಶನ್ನನ್ನೂ ಅವನಿಗೇ ವಹಿಸಿದರು. ಹೆಂಡತಿ ಕಬೋರ್ಡಿನವನಿಗೆ ಫೋನು ಮಾಡಿದಳು. ಅಪ್ಪ ಮಾತ್ರ ಕನ್ನಡಕ ಒರೆಸಿಕೊಂಡು, "ಮೆಷಿನ್ ಚೆನ್ನಾಗಿ ಒರೆಸಿದಾನೆ" ಎಂದರು.

ಒಂದು ತಿಂಗಳು ಅವನು ಮತ್ತೆ ಮನುಷ್ಯನಾಗಿದ್ದ. ಒಂಬತ್ತಕ್ಕೆ ಎದ್ದ, ಸಾರಿಗೆ ಉಪ್ಪು ಜಾಸ್ತಿ ಎಂದ, ಎರಡೆಕರೆ ತೆಂಗಿನ ಮಾತೂ ಒಮ್ಮೆ ಬಂದುಹೋಯಿತು. ಆಮೇಲೆ ಒಂದು ಸೋಮವಾರ ಮೇಲಿನಿಂದ ಎಕ್ಸೆಲ್ ಶೀಟು ಬಂತು. ಅವನ ಕೈಕೆಳಗಿನ ಹನ್ನೊಂದು ಜನರ ಹೆಸರು, ಪ್ರತಿ ಹೆಸರಿನ ಮುಂದೆ ಖಾಲಿ ಚೌಕ. ಯಾರಿಲ್ಲದಿದ್ದರೂ ಕೆಲಸ ನಡೆಯುತ್ತದೆ ಎಂದು ಅನುಕ್ರಮವಾಗಿ ಅಂಕಿ ಹಾಕಬೇಕು. ಆ ಹನ್ನೊಂದು ಜನರೂ ಇತ್ತೀಚೆಗೆ ಆಫೀಸಿಗೆ ಬೇಗ ಬರುತ್ತಿದ್ದರು, ನಗುನಗುತ್ತಾ ಇರುತ್ತಿದ್ದರು. ಗಡುವು ಶುಕ್ರವಾರ ಸಂಜೆ. ಉತ್ಸಾಹಮೂರ್ತಿ ಬುಧವಾರ ಏಳು ಗಂಟೆಗೇ ಮುಗಿಸಿ, ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಹೋಗುವಂತೆ ಸಮಯ ಹೊಂದಿಸಿಟ್ಟ.