ಹೆಸರು ಕಾಯುವ ಯಂತ್ರವನ್ನು ಕಾಯುವ ಕೈಪಿಡಿ

ಅಭಿನಂದನೆಗಳು. ಈ ಕೈಪಿಡಿ ನಿಮ್ಮ ಕೈ ಸೇರಿದೆ ಎಂದರೆ ಡಿಎನ್‌ಎಸ್ ಸರ್ವರುಗಳು, ಅಂದರೆ ಹೆಸರು ಹೇಳಿದರೆ ವಿಳಾಸ ಕೊಡುವ ಯಂತ್ರಗಳು, ನಿಮ್ಮ ಕೊರಳಿಗೆ ಬಿದ್ದಿವೆ ಎಂದರ್ಥ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಶಾಖೆ ಇರುವ ಸಹಕಾರಿ ಬ್ಯಾಂಕೊಂದರ ‘ಕಂಪ್ಯೂಟರ್ ಹುಡುಗ’ ನೀವು ಎಂದುಕೊಂಡು ಇದನ್ನು ಬರೆದಿದೆ. ನಲವತ್ತು ದಾಟಿದ್ದರೂ ಅಡ್ಡಿಯಿಲ್ಲ, ಈ ಹುದ್ದೆಯಲ್ಲಿ ಎಲ್ಲರೂ ಹುಡುಗರೇ.

ಬ್ಯಾಂಕುಗಳೆಲ್ಲ ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬರಬೇಕು ಎಂದು ರಿಸರ್ವ್ ಬ್ಯಾಂಕು 2025ರ ಏಪ್ರಿಲ್ 22ರಂದು ಸುತ್ತೋಲೆ ಹೊರಡಿಸಿತು. ಗಡುವು ಅದೇ ವರ್ಷದ ಅಕ್ಟೋಬರ್ 31 ಆಗಿತ್ತು, ನೋಂದಣಿ ಹೈದರಾಬಾದಿನ ಐಡಿಆರ್‌ಬಿಟಿಯಲ್ಲಿ. ಬ್ಯಾಂಕಿನದೇ ಹೆಸರು ಎಂಬಂತೆ ತೋರುವ ಹೆಸರಿಟ್ಟು ಜನರ ದುಡ್ಡು ಹೊಡೆಯುವವರನ್ನು ತಡೆಯಲು ಈ ಏರ್ಪಾಟು. ಹೆಸರೇನೋ ಸಿಕ್ಕಿತು. ಆ ಹೆಸರನ್ನು ಕಾಯುವ ಯಂತ್ರವನ್ನು ಕಾಯುವವರು ಯಾರು ಎಂದು ಮೀಟಿಂಗಿನಲ್ಲಿ ಕೇಳಿದಾಗ ಎಲ್ಲರೂ ನಿಮ್ಮ ಕಡೆ ನೋಡಿದರು.

ಮೊದಲು ಯಂತ್ರಗಳಿಗೆ ಹೆಸರಿಡಿ. ರಬಕವಿ, ಬನಹಟ್ಟಿ ಎರಡಕ್ಕೂ ಒಂದೇ ನಗರಸಭೆ, ನಡುವೆ ಒಂದು ಅಡ್ಡಗೆರೆ. ಯಂತ್ರದ ಹೆಸರಿನಲ್ಲೂ ಆ ಗೆರೆಗೆ ಅನುಮತಿಯಿದೆ, ಅದನ್ನು ಕೆಳಕ್ಕಿಳಿಸಿ ಅಂಡರ್‌ಸ್ಕೋರ್ ಮಾಡಿದರೆ ಇಲ್ಲ.

ಊರಿಗೊಂದು ಯಂತ್ರ ಇಟ್ಟರೆ ಯಾರಿಗೂ ಬೇಜಾರಿಲ್ಲ ಎಂದು ನಿರ್ದೇಶಕರು ಹೇಳುತ್ತಾರೆ. ನ್ಯಾಯವಾದ ಮಾತೇ. ಆದರೆ 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿ ಬಂದದ್ದು ಅವರಿಗೂ ನೆನಪಿದೆ. ಹೆಸರಿನ ಸರ್ವರುಗಳನ್ನು ಒಂದೇ ಕಡೆ ಗುಡ್ಡೆ ಹಾಕಬೇಡಿ, ದೂರ ದೂರ ಇಡಿ ಎಂದು ಆರ್‌ಎಫ್‌ಸಿ 2182 ಎಂಬ ಇಂಟರ್ನೆಟ್ ದಾಖಲೆ ಹೇಳಿದ್ದು 1997ರಲ್ಲಿ, ಬಾಗಲಕೋಟೆ ಜಿಲ್ಲೆ ಹುಟ್ಟಿದ ವರ್ಷವೇ. ಒಂದನ್ನಾದರೂ ಈ ಎರಡು ಹೊಳೆಗಳಿಂದ ದೂರ ಇಡಿ.

ಇನ್ನು ಸ್ವಯಂಚಾಲನೆ. ಕಂಪ್ಯೂಟರ್ ಮುಟ್ಟುವ ಮುಂಚೆ ಬನಹಟ್ಟಿಯಲ್ಲಿ ಜಕಾರ್ಡ್ ಇರುವ ಮಗ್ಗ ಹುಡುಕಿ ನೋಡಿ ಬನ್ನಿ. ಮೇಲೆ ತೂತು ಹೊಡೆದ ರಟ್ಟುಗಳ ಸರಮಾಲೆ ತಿರುಗುತ್ತಿರುತ್ತದೆ. ತೂತು ಇದ್ದಲ್ಲಿ ಹಾಸಿನ ಎಳೆ ಏಳುತ್ತದೆ, ಇಲ್ಲದಲ್ಲಿ ಕೂತಿರುತ್ತದೆ. ಒಂದು ರಟ್ಟಿನಲ್ಲಿ ಒಂದು ತೂತು ತಪ್ಪಿದರೆ ಆ ಮಗ್ಗದಿಂದ ಇಳಿಯುವ ಪ್ರತಿ ಸೀರೆಯ ಅಂಚಿನಲ್ಲೂ ಅದೇ ತಪ್ಪು, ಅದೇ ಜಾಗದಲ್ಲಿ, ಬಹಳ ಅಚ್ಚುಕಟ್ಟಾಗಿ. ಆನ್ಸಿಬಲ್ ಎಂಬ ತಂತ್ರಾಂಶಕ್ಕೆ ನೀವು ಬರೆದುಕೊಡುವ ಕಡತವೂ ಇಂಥದೇ ರಟ್ಟು. ಕೈಯಿಂದ ಮಾಡಿದ್ದರೆ ಮುಧೋಳದಲ್ಲೊಂದು ತಪ್ಪು, ಬೀಳಗಿಯಲ್ಲಿ ಇನ್ನೊಂದು ತಪ್ಪು ಆಗುತ್ತಿತ್ತು. ಈಗ ನಾಲ್ಕೂ ಕಡೆ ಒಂದೇ ತಪ್ಪು, ಅದೂ ಒಂದೇ ನಿಮಿಷದಲ್ಲಿ. ಅಮೆರಿಕದ ರಕ್ಷಣಾ ಇಲಾಖೆ ಬೈಂಡ್ ಎಂಬ ಹೆಸರಿನ ಸರ್ವರ್ ತಂತ್ರಾಂಶಕ್ಕೆಂದೇ ‘ಸ್ಟಿಗ್’ ಎಂಬ ನಿಯಮಪಟ್ಟಿ ಮಾಡಿದೆ. ಓದಿ, ಒಳ್ಳೆಯದು. ಇದ್ದ ಹಾಗೇ ತಂದು ಏರಿಸಬೇಡಿ. ಪರರ ರಟ್ಟಿಗೂ ನಿಮ್ಮ ಮಗ್ಗಕ್ಕೂ ಎಳೆಯ ಲೆಕ್ಕ ಬೇರೆ.

ಎಚ್ಚರಿಕೆ: ಆನ್ಸಿಬಲ್ ಕಡತದಲ್ಲಿ ಸಾಲು ಒಳಸರಿಸಲು ಟ್ಯಾಬ್ ಒತ್ತುವಂತಿಲ್ಲ, ಸ್ಪೇಸೇ ಬೇಕು. ಯಾಕೆ ಎಂದು ಕೇಳುತ್ತ ಕೂತರೆ ಬೆಳಗಾಗುತ್ತದೆ.

ರಟ್ಟಿನ ಮೊದಲ ತೂತು ರಿಕರ್ಶನ್, ಅಂದರೆ ಕೇಳಿದವರಿಗೆಲ್ಲ ಬೇರೆಯವರ ಹೆಸರನ್ನೂ ಹುಡುಕಿ ಕೊಡುವುದು. ಅದನ್ನು ಮುಚ್ಚಬೇಕು. ಮುಚ್ಚಿದ ದಿನ ಮುಧೋಳದ ಮ್ಯಾನೇಜರರು ಕೇಳಿಯೇ ಕೇಳುತ್ತಾರೆ:

“ತಮ್ಮಾ, ಯಾರರೆ ಬಂದು ದಾರಿ ಕೇಳಿದ್ರ ಹೇಳಬೇಕೋ ಬ್ಯಾಡೋ?”

“ನಮ್ಮ ಮನಿ ದಾರಿ ಹೇಳೂಣ್ರಿ ಸರ. ಊರಾಗಿನ ಎಲ್ಲಾರ ಮನಿ ದಾರಿ ನಾವ್ಯಾಕ ಹುಡುಕಿ ಕೊಡಬೇಕ್ರಿ?”

ಉತ್ತರ ಇಷ್ಟಕ್ಕೇ ನಿಲ್ಲಿಸಿ. ಪೂರ್ತಿ ಕಥೆ ಹೀಗಿದೆ. ಕಳ್ಳ ಇನ್ನೊಬ್ಬರ ವಿಳಾಸ ಹಾಕಿ ಒಂದು ಚಿಕ್ಕ ಪ್ರಶ್ನೆ ಕಳಿಸುತ್ತಾನೆ. ನಿಮ್ಮ ಯಂತ್ರ ಅದರ ಹತ್ತಾರು ಪಟ್ಟು ದೊಡ್ಡ ಉತ್ತರವನ್ನು ಆ ಇನ್ನೊಬ್ಬರ ಬಾಗಿಲಿಗೆ ಸುರಿಯುತ್ತದೆ. 2013ರ ಮಾರ್ಚಿನಲ್ಲಿ ಸ್ಪ್ಯಾಮ್‌ಹೌಸ್ ಸಂಸ್ಥೆಯ ಮೇಲೆ ನಡೆದ ದಾಳಿಗೆ ಹೀಗೆ ಬಾಯಿ ತೆರೆದಿಟ್ಟ ಸರ್ವರುಗಳೇ ಕೂಲಿ ಮಾಡಿದವು, ಬಿಟ್ಟಿ ಕೂಲಿ.

ಎರಡನೆಯದು ಝೋನ್ ಟ್ರಾನ್ಸ್‌ಫರ್. ಬಂದವರಿಗೆಲ್ಲ ಇಡೀ ಖಾತೆ ಪುಸ್ತಕದ ಜೆರಾಕ್ಸ್ ಕೊಡುವುದಕ್ಕೆ ಈ ಹೆಸರು. ನಿಮ್ಮದೇ ಉಳಿದ ಯಂತ್ರಗಳಿಗೆ ಮಾತ್ರ ಕೊಡಿ, ಅದೂ ಗುಟ್ಟಿನ ಕೀಲಿ ತೋರಿಸಿದರೆ. ತಂತ್ರಾಂಶದ ಆವೃತ್ತಿ ಸಂಖ್ಯೆಯನ್ನು ಮರೆಮಾಡಿ. ಅದರಿಂದ ಬಹಳ ಲಾಭವಿಲ್ಲ, ಆಡಿಟರಿಗೆ ಸಮಾಧಾನ.

ಡಿಎನ್‌ಎಸ್‌ಸೆಕ್ ಎಂಬಲ್ಲಿ ಉಸಿರು ಬಿಗಿಹಿಡಿಯಿರಿ. ನಿಮ್ಮ ಉತ್ತರಕ್ಕೆ ಸಹಿ ಇರುತ್ತದೆ, ಸಹಿಗೆ ಮುಗಿಯುವ ತಾರೀಖಿರುತ್ತದೆ. ಮರುಸಹಿ ಹಾಕುವ ಕೆಲಸ ನಿಂತಿತೋ, ತಪಾಸಣೆ ಮಾಡುವ ಜಗತ್ತಿಗೆ ನಿಮ್ಮ ನಿಜವಾದ ಉತ್ತರವೇ ಖೋಟಾ, ಬ್ಯಾಂಕಿನ ಹೆಸರು ನಾಪತ್ತೆ. ಗಡಿಯಾರ ತಪ್ಪಿದರೂ ಇದೇ ಗತಿ. ಎನ್‌ಐಸಿ ಅಥವಾ ಎನ್‌ಪಿಎಲ್ ಗಡಿಯಾರಕ್ಕೆ ಹೊಂದಿಸಿಕೊಳ್ಳಿ, ಲಾಗ್‌ಗಳನ್ನು 180 ದಿನ ಇಡಿ ಎಂದು ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದೇ ಆದೇಶಿಸಿದೆ.

ಝೋನ್ ಕಡತದ ಸೀರಿಯಲ್ ಸಂಖ್ಯೆಗೆ ತಾರೀಖು ಹಾಕುವುದು ರೂಢಿ. 2026 ಎನ್ನುವಲ್ಲಿ 2062 ಒತ್ತಿದರೆ ಉಳಿದ ಯಂತ್ರಗಳು ಅದನ್ನೇ ನಂಬುತ್ತವೆ. ಮರುದಿನ ನೀವು ಸರಿಯಾದ ತಾರೀಖು ಹಾಕಿದರೆ ಅದು ಹಳೆಯದೆಂದು ತಿರುಗಿಯೂ ನೋಡುವುದಿಲ್ಲ.

ಈಗ ಆನ್ಸಿಬಲ್ ಓಡಿಸಿ, ಆದರೆ ನಾಲ್ಕೂ ಊರಿಗೆ ಒಟ್ಟಿಗೆ ಬೇಡ. ಬೀಳಗಿಯೊಂದರಲ್ಲೇ, ಮೊದಲು ಏನನ್ನೂ ಬದಲಿಸದ ಒಣ ಓಟ. ಆಮೇಲೆ ನಿಜ. ಎರಡನೇ ಸಲ ಓಡಿಸಿದಾಗ ‘ಬದಲಾದದ್ದು: 0’ ಎಂದು ಬರಬೇಕು. ಬರದಿದ್ದರೆ ರಟ್ಟು ಇಳಿಸಿ ತೂತು ಎಣಿಸಿ.

ಕೊನೆಗೆ ವಿಜಯಪುರದಲ್ಲಿರುವ ಗೆಳೆಯನಿಗೆ ಫೋನ್ ಮಾಡಿ, ನಿಮ್ಮ ಯಂತ್ರಕ್ಕೆ ಬೇರೆ ಯಾರದೋ ಹೆಸರು ಕೇಳಲು ಹೇಳಿ. ಉತ್ತರ ಕೊಟ್ಟರೆ ಮೊದಲ ಪುಟಕ್ಕೆ ಮರಳಿ. ‘ರಿಫ್ಯೂಸ್ಡ್’ ಎಂದು ಬಂದರೆ ಊಟಕ್ಕೆ ಏಳಿ.