ಮುಂಬಾಪುರೀ ಜಲಗರ್ಭಸ್ಥ ಅಜ್ಞಾತಜೀವಿ ಮೀಮಾಂಸೆ

ಅಗಾಧ ಜಲರಾಶಿಯ ಗರ್ಭದಲ್ಲಿ ಮನುಷ್ಯನ ಅರಿವಿಗೆ ಬಾರದ ಜೀವಿಗಳು ವಾಸಿಸುತ್ತಿರುವ ಸಂಭವವುಂಟೆ ಎಂಬ ಗಹನವಾದ ಪ್ರಶ್ನೆಯನ್ನು, ಮುಂಬಯಿಯ ಉಪನಗರವೊಂದರ ಸಭಾಗೃಹದಲ್ಲಿ ಆಷಾಢದ ಎರಡು ದಿನ ನಡೆದ ಕನ್ನಡ ವಿಚಾರಸಂಕಿರಣದಲ್ಲಿ ಹನ್ನೊಂದು ಮಂದಿ ವಿದ್ವಾಂಸರು ಎತ್ತಿದರು. ಎತ್ತಿದ್ದನ್ನು ಇಳಿಸಿದವರು ಮಾತ್ರ ಯಾರೂ ಇಲ್ಲ. ತಿರುಗದ ಪಂಖದ ಕೆಳಗೆ ಕುಳಿತು, ಶಾಲು ಹೊದೆಸುವ ಹದಿನಾಲ್ಕು ಪ್ರಸಂಗಗಳನ್ನೂ, ‘ಅಧೋಜಲೀಯತೆ’ ಎಂಬ ಶಬ್ದದ ನೂರಾರು ಆವರ್ತನೆಗಳನ್ನೂ ಸಹಿಸಿಕೊಂಡ ಈ ಲೇಖಕನು, ಆ ಋಣವನ್ನು ಬಡ್ಡಿಸಹಿತ ತೀರಿಸುವ ಸಲುವಾಗಿ ತಾನೂ ಒಂದು ಪ್ರಬಂಧವನ್ನು ಮಂಡಿಸಲು ಉದ್ಯುಕ್ತನಾಗಿದ್ದಾನೆ.

ಮೊದಲಿಗೆ ಪರಿಭಾಷೆ. ‘ನೀರು’ ಎನ್ನಬಾರದು, ಎಂದರೆ ಎಲ್ಲರಿಗೂ ಅರ್ಥವಾಗಿಬಿಡುವ ಅಪಾಯವುಂಟು. ಆದಕಾರಣ ‘ದ್ರವಾವಕಾಶ’ ಎನ್ನತಕ್ಕದ್ದು. ‘ಆಳ’ವನ್ನು ‘ಅಧೋಗಾಮಿತ್ವಪರಿಮಾಣ’ವೆಂದೂ, ‘ಮೀನ’ನ್ನು ‘ದ್ರವಾವಕಾಶಾಧಿಷ್ಠಿತ ಚೇತನಾಂಶ’ವೆಂದೂ ಕರೆಯುವುದು ಶಿಷ್ಟಸಮ್ಮತ. ಕೊನೆಯದಾಗಿ, ‘ಗೊತ್ತಿಲ್ಲ’ ಎಂಬ ಬಡಪಾಯಿ ಮಾತಿನ ಸ್ಥಾನದಲ್ಲಿ ‘ಜ್ಞಾನಾಭಾವವಿಶಿಷ್ಟ ಸಂಭಾವ್ಯತೆ’ ಎಂಬುದನ್ನು ಪ್ರತಿಷ್ಠಾಪಿಸಬೇಕು. ಇದರ ಮಹಿಮೆಯೇನೆಂದರೆ, ಪ್ರಯೋಗಿಸಿದವನಿಗೆ ಗೊತ್ತಿಲ್ಲವೆಂಬ ಸಂಗತಿ ಅವನನ್ನೂ ಸೇರಿಸಿ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನು ವರ್ಗೀಕರಣ. ಅಜ್ಞಾತ ಜಲಜೀವಿಗಳು ಆರು ಬಗೆ. ಅವುಗಳಲ್ಲಿ ಮೊದಲನೆಯದು ‘ದೃಷ್ಟಾನಂಗೀಕೃತ’, ಅಂದರೆ ಕಂಡವರುಂಟು, ಒಪ್ಪಿದವರಿಲ್ಲ ಎಂಬಂಥದು. ಇದಕ್ಕೆ ಜಗತ್ಪ್ರಸಿದ್ಧವಾದ ಉದಾಹರಣೆ ಸೀಲಕ್ಯಾಂತ್ ಎಂಬ ಮೀನು. ಆರೂವರೆ ಕೋಟಿ ವರ್ಷಗಳ ಹಿಂದೆಯೇ ಇದರ ವಂಶ ನಿರ್ವಂಶವಾಯಿತೆಂದು ಶಾಸ್ತ್ರವು ತಿಥಿಯನ್ನೂ ಮಾಡಿ ಮುಗಿಸಿದ್ದಿತು. 1938ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕೆಯ ಈಸ್ಟ್ ಲಂಡನ್ ಬಂದರಿಗೆ ಬಂದ ದೋಣಿಯ ಮೀನಿನ ರಾಶಿಯೊಳಗೆ, ಅಲ್ಲಿಯ ಸಣ್ಣ ವಸ್ತುಸಂಗ್ರಹಾಲಯದ ಮಾರ್ಜೊರಿ ಕೋರ್ಟ್ನಿ-ಲ್ಯಾಟಿಮರ್ ಎಂಬ ತರುಣಿ ಒಂದು ನೀಲಿ ಮೀನನ್ನು ಕಂಡಳು, ಜೆ.ಎಲ್.ಬಿ. ಸ್ಮಿತ್ ಎಂಬ ಪಂಡಿತನು ಅದನ್ನು ಗುರುತಿಸಿ ಅವಳ ಹೆಸರನ್ನೇ ಅದಕ್ಕೆ ಇಟ್ಟನು. ಎರಡನೆಯ ಮೀನಿಗಾಗಿ 100 ಪೌಂಡುಗಳ ಬಹುಮಾನವನ್ನು ಸಾರಿ, ಹದಿನಾಲ್ಕು ವರ್ಷ ಕಾದು, 1952ರಲ್ಲಿ ಕೊಮೊರೊ ದ್ವೀಪಗಳಲ್ಲಿ ಅದನ್ನು ಪಡೆದಾಗ ತಿಳಿದದ್ದಿಷ್ಟು: ಅಲ್ಲಿಯ ಬೆಸ್ತರು ಅದನ್ನು ಮೊದಲಿನಿಂದಲೂ ಬಲ್ಲರು, ‘ಗೊಂಬೆಸ್ಸಾ’ ಎಂದು ಅದಕ್ಕೆ ಹೆಸರೂ ಇತ್ತು, ಆಗಾಗ ಗಾಳಕ್ಕೆ ಸಿಕ್ಕುತ್ತಿತ್ತು, ತಿನ್ನಲು ಅಷ್ಟು ಚೆನ್ನಾಗಿರಲಿಲ್ಲ. ಶಾಸ್ತ್ರಕ್ಕೆ ಸತ್ತುಹೋಗಿದ್ದ ಮೀನು ಬೆಸ್ತರಿಗೆ ರುಚಿ ಸಾಲದ ಮೀನು, ಅಷ್ಟೆ. ‘ಅಜ್ಞಾತ’ವೆಂಬುದು ಮೀನಿನ ಗುಣವೋ ನೋಡುವವನ ಗುಣವೋ ಎಂಬ ಸಂಶಯವು ಇಲ್ಲಿ ತಲೆಯೆತ್ತುತ್ತದೆಯಾದರೂ, ಸಂಶಯಗಳಿಗೆ ಸಂಕಿರಣದಲ್ಲಿ ಸಮಯಾವಕಾಶವಿಲ್ಲವೆಂದು ಅಧ್ಯಕ್ಷರು ಅಪ್ಪಣೆ ಕೊಡಿಸಿದ್ದರು.

ಎರಡನೆಯ ವರ್ಗ ‘ಅದೃಷ್ಟಾಂಗೀಕೃತ’. ಕಂಡವರಿಲ್ಲ, ಒಪ್ಪಿದವರು ಬಹಳ. ಮುಂಬಯಿಯ ಎದುರಿನ ಅರಬ್ಬೀ ಸಮುದ್ರದ ಅತಲ ವಿತಲಗಳಲ್ಲಿ ಇಂಥವು ಅಸಂಖ್ಯವಾಗಿ ಇರಲೇಬೇಕೆಂದು ವಿದ್ವಾಂಸರೊಬ್ಬರು ನಲವತ್ತು ನಿಮಿಷ ಸಾಧಿಸಿದರು. ಸಾಧನೆಗೆ ಅಡ್ಡಿಯಾಗಿ ನಿಂತದ್ದು ಸಮುದ್ರವೊಂದೇ. ನಮ್ಮ ಪಶ್ಚಿಮ ತೀರದಲ್ಲಿ ಭೂಖಂಡದ ಜಗುಲಿ ಅತ್ಯಂತ ಅಗಲವಾಗಿ ಹರಡಿಕೊಂಡಿರುವುದು ಈ ಭಾಗದಲ್ಲಿಯೇ. 1974ರಲ್ಲಿ ಸಾಗರ ಸಮ್ರಾಟ್ ಎಣ್ಣೆಯನ್ನು ಮುಟ್ಟಿದ ಬಾಂಬೆ ಹೈ ಎಂಬ ಸ್ಥಳವು ದಡದಿಂದ ಸುಮಾರು 160 ಕಿಲೋಮೀಟರು ದೂರವಿದ್ದರೂ ಅಲ್ಲಿ ನೀರಿನ ಆಳ 75 ಮೀಟರಿನ ಆಸುಪಾಸು. ಪರೇಲಿನ ಹಳೆಯ ಗಿರಣಿಗಳ ನೆಲದಲ್ಲಿ ಈಗ ಎದ್ದಿರುವ ಗೋಪುರಗಳಲ್ಲಿ ಒಂದನ್ನು ಕೊಂಡೊಯ್ದು ಅಲ್ಲಿ ನೆಟ್ಟರೆ, ಮೇಲಿನ ಅರ್ಧದಷ್ಟು ಮನೆಗಳನ್ನು ಸಮುದ್ರದರ್ಶನದ ಹೆಚ್ಚುವರಿ ದರಕ್ಕೆ ಇನ್ನೂ ಮಾರಬಹುದು. ನಮ್ಮ ಬೀದಿಗೆ ಬೊಂಬಿಲ್ ತರುವ ಕೋಲಿ ಹೆಂಗಸನ್ನು, ಉಬ್ಬರವಿಳಿತದ ಸೆಳೆತಕ್ಕೆ ಬಾಯಿ ತೆರೆದು ನಿಲ್ಲುವ ಅವರ ಡೋಲ್ ಬಲೆಯಲ್ಲಿ ಹೆಸರು ಗೊತ್ತಿಲ್ಲದ್ದು ಏನಾದರೂ ಬೀಳುವುದುಂಟೇ ಎಂದು ಈ ಲೇಖಕನು ವಿಚಾರಿಸಿದಾಗ, ಆಕೆ, “ಬೀಳದೆ ಏನಣ್ಣಾ, ಆದರೆ ಎಲ್ಲಾ ಪ್ಲಾಸ್ಟಿಕ್ಕೇ” ಎಂದಳು. ಈ ಚೇತನಾಂಶವು ಯಾವ ವರ್ಗಕ್ಕೆ ಸೇರತಕ್ಕದ್ದೆಂಬುದು ಚರ್ಚಾರ್ಹ.

ಸಮುದ್ರದಲ್ಲಿ ಆಳವಿಲ್ಲವೆಂದಮೇಲೆ ಮುಂಬಯಿಯ ಆಳವಾದ ನೀರು ಎಲ್ಲಿ? ರಸ್ತೆಯ ಮೇಲೆ. 2005ರ ಜುಲೈ 26ರಂದು ಒಂದು ಹಗಲಿರುಳಿನಲ್ಲಿ ಸಾಂತಾಕ್ರೂಜಿನ ಮಾಪಕದಲ್ಲಿ ದಾಖಲಾದ ಮಳೆ 944 ಮಿಲಿಮೀಟರು. ಅದೇ ಊರಿನ ಇನ್ನೊಂದು ತುದಿಯಾದ ಕುಲಾಬಾದಲ್ಲಿ ಸುಮಾರು 73. ವಿಹಾರ, ಪವಾಯಿ ಕೆರೆಗಳ ಕೋಡಿಯಿಂದ ಹುಟ್ಟಿ ಮಾಹಿಮಿನಲ್ಲಿ ಸಮುದ್ರ ಸೇರುವ ಮೀಠಿ ಎಂಬ ನದಿಯೊಂದು ತಮ್ಮೂರಿನಲ್ಲಿದೆಯೆಂದು ಅನೇಕ ನಾಗರಿಕರಿಗೆ ತಿಳಿದದ್ದು ಅಂದು, ಅದು ಅವರ ಅಡಿಗೆಮನೆಗೆ ಬಂದಾಗ. ಅಂದಿನಿಂದ ನಾವು ಆಳವನ್ನು ಮೊಳಕಾಲು, ಸೊಂಟ, ಕೊರಳು ಎಂಬ ಮಾನದಲ್ಲಿ ಎಣಿಸುತ್ತ, ಹಿಂದ್‌ಮಾತಾ, ಮಿಲನ್ ಸಬ್‌ವೇ, ಕುರ್ಲಾ ಎಂದು ಜಪಿಸುತ್ತ ಮಳೆಗಾಲವನ್ನು ಕಳೆಯುವುದಾಗಿದೆ.

ಮೂರನೆಯ ವರ್ಗ ‘ಆಕಸ್ಮಿಕದೃಷ್ಟ’. 2023ರ ಅಕ್ಟೋಬರಿನಲ್ಲಿ ಒಂದು ಬೆಳಗ್ಗೆ ದಾದರಿನ ಸಾರ್ವಜನಿಕ ಈಜುಕೊಳದಲ್ಲಿ ಸುಮಾರು ಎರಡಡಿಯ ಮೊಸಳೆಮರಿಯೊಂದು ಕಾಣಿಸಿಕೊಂಡಿತು. ಪವಾಯಿ ಕೆರೆಯಲ್ಲಿ ಮೊಸಳೆಗಳಿರುವುದು ಹಳೆಯ ಸುದ್ದಿ. ಕ್ಲೋರಿನ್ ಹಾಕಿದ ನೀರಿನಲ್ಲಿ ಈಜು ಕಲಿಯಲು ಬಂದದ್ದು ಮಾತ್ರ ಹೊಸತು.

ನಾಲ್ಕನೆಯ ವರ್ಗಕ್ಕೆ ಹದಿಮೂರು ಅಕ್ಷರಗಳ ಸಮಾಸವೊಂದನ್ನು ಕಟ್ಟಿಟ್ಟಿದ್ದೆ. ಬೇಡ. ಐದನೆಯದೂ ಆರನೆಯದೂ ಬೇಡ.

2017ರ ಆಗಸ್ಟ್ 29ರಂದು, ಹೀಗೆಯೇ ಊರೆಲ್ಲ ಮುಳುಗಿದ್ದ ಸಂಜೆ, ಮನೆಗೆ ನಡೆದು ಹೋಗುತ್ತಿದ್ದ ಹೆಸರಾಂತ ವೈದ್ಯರೊಬ್ಬರು ಎಲ್ಫಿನ್‌ಸ್ಟನ್ ರೋಡಿನ ಹತ್ತಿರ, ನೀರು ಇಳಿದುಹೋಗಲೆಂದು ತೆರೆದಿಟ್ಟಿದ್ದ ಮ್ಯಾನ್‌ಹೋಲಿನೊಳಕ್ಕೆ ಬಿದ್ದರು. ದೇಹ ಸಿಕ್ಕಿದ್ದು ಎರಡು ದಿನದ ಮೇಲೆ, ವರಳಿಯಲ್ಲಿ. ಅವರ ಹೆಸರು ಎಲ್ಲ ಪತ್ರಿಕೆಗಳಲ್ಲಿಯೂ ಬಂದಿತು. ಅದೇ ಬಾಯಿಯೊಳಗೆ ಬೀಳದೆ, ಹೊಟ್ಟೆಪಾಡಿಗಾಗಿ ತಾವಾಗಿ ಇಳಿದು ಸಾಯುವವರು ಬಹುಮಟ್ಟಿಗೆ ಅಂಕಿಯಾಗಿ ಬರುತ್ತಾರೆ: ಇಬ್ಬರು, ಮೂವರು. ಒಬ್ಬನ ಹಿಂದೆ ಒಬ್ಬ ಸಾಯುವುದಕ್ಕೂ ಕಾರಣವುಂಟು. ಕೊಳೆತ ಮೊಟ್ಟೆಯ ನಾತವಿರುವ ಆ ವಿಷಾನಿಲವು ಮಿತಿಮೀರಿದಾಗ ಮೊದಲು ಕೊಲ್ಲುವುದು ಮೂಗಿನ ಅರಿವನ್ನು. ನಾತ ಹೋಯಿತೆಂದುಕೊಳ್ಳುವಷ್ಟರಲ್ಲಿ ಮನುಷ್ಯನು ಕುಸಿದಿರುತ್ತಾನೆ, ಅವನನ್ನು ಎತ್ತಲು ಜತೆಗಾರನು ಹಾರುತ್ತಾನೆ. ರಕ್ಷಣೆಯ ಉಪಕರಣವಿಲ್ಲದೆ ಯಾರನ್ನೂ ಇಳಿಸಕೂಡದೆಂದು 2013ರ ಕಾಯಿದೆ ಹೇಳುತ್ತದೆ. ಸತ್ತವನ ಕುಟುಂಬಕ್ಕೆ 10 ಲಕ್ಷ ರೂಪಾಯಿ ಎಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಏರಬೇಕಾದದ್ದು ಏರಿತು, ಇಳಿಯುವವರು ಇಳಿಯುತ್ತಲೇ ಇದ್ದಾರೆ. ಕಡಲ ತಳಕ್ಕೆ ಯಂತ್ರವನ್ನು ಕಳುಹಿಸಬಲ್ಲ ದೇಶಕ್ಕೆ ಹತ್ತಡಿಯ ಗಟಾರಕ್ಕೆ ಮನುಷ್ಯನೇ ಬೇಕು, ಅದೂ ಇಂಥ ಜಾತಿಯ ಮನುಷ್ಯನೇ ಬೇಕು. ಇದಕ್ಕೆ ಪರಿಭಾಷೆಯನ್ನು ಕಂಡುಹಿಡಿಯಬಲ್ಲ ಪಂಡಿತನಿದ್ದರೆ ಬರಲಿ, ಹದಿನೈದನೆಯ ಶಾಲನ್ನು ನಾನೇ ಹೊದೆಸುತ್ತೇನೆ.

ಸಂಕಿರಣದ ಎರಡನೆಯ ದಿನ ಊಟದ ಮನೆ ಎದುರುಗಡೆಯ ಕಟ್ಟಡದಲ್ಲಿದ್ದುದರಿಂದ ಎಲ್ಲರೂ ರಸ್ತೆ ದಾಟಬೇಕಾಯಿತು. ಗೇಟಿನ ಮುಂದೆಯೇ ಮುಚ್ಚಳ ತೆಗೆದಿತ್ತು. ಒಬ್ಬನು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಕಪ್ಪು ನೀರಿನಲ್ಲಿ ಕೊರಳುದ್ದ ನಿಂತಿದ್ದ. ಮೇಲೆ ಇಬ್ಬರು ಹಗ್ಗ ಹಿಡಿದಿದ್ದರು. ಅವನು ಮುಳುಗುವನು, ಏಳುವನು. ಎದ್ದಾಗ ಬಕೆಟ್ಟಿನ ತುಂಬ ಹೂಳು. ಅಧೋಜಲೀಯತೆಯನ್ನು ಕುರಿತು ಮಾತನಾಡಿದ ಹನ್ನೊಂದು ಮಂದಿಯೂ ಮೂಗಿಗೆ ಕರವಸ್ತ್ರ ಹಿಡಿದು ಬಳಸಿಕೊಂಡು ಹೋದರು. ಹನ್ನೆರಡನೆಯವನಾಗಿ ನಾನೂ ಹೋದೆ. ಊಟ ಮುಗಿಸಿ ಬರುವಾಗ ಅವನು ದಂಡೆಯ ಮೇಲೆ ಕುಳಿತು, ಹಗ್ಗ ಹಿಡಿದವನೊಡನೆ ಕನ್ನಡದಲ್ಲಿ ಮಾತನಾಡುತ್ತಿದ್ದುದು ಕಿವಿಗೆ ಬಿದ್ದು ನಿಂತೆ. ಊರು ಆಳಂದದ ಕಡೆಯಂತೆ.

“ಒಳಗ ಏನ್ ಕಾರ್ಯಕ್ರಮರೀ ಸರ?” ಎಂದು ಅವನೇ ಕೇಳಿದ.

ಎರಡು ದಿನದ ಪಾಂಡಿತ್ಯವನ್ನೆಲ್ಲ ತಡಕಿದರೂ ಬಾಯಿಗೆ ಬಂದದ್ದು ಇಷ್ಟೇ: “ನೀರಿನ ಆಳದಲ್ಲಿ ಯಾರಿಗೂ ಗೊತ್ತಿಲ್ಲದ ಜೀವ ಇರಬಹುದೋ ಅಂತ ವಿಚಾರ ಮಾಡುತ್ತಿದ್ದಾರಪ್ಪ.”

“ಅದಕ್ಕೇನ್ರಿ, ಇಳದು ನೋಡಿದ್ರ ಗೊತ್ತಾಗ್ತದಲ್ರಿ” ಎಂದು ಅವನು ಬೀಡಿಯನ್ನು ಕಲ್ಲಿಗೆ ಒತ್ತಿ ಆರಿಸಿ, ಉಳಿದ ತುಂಡನ್ನು ಕಿವಿಯ ಮೇಲೆ ಇಡಹೋಗಿ, ಯೋಚಿಸಿ, ಜತೆಗಾರನ ಕೈಗೆ ಕೊಟ್ಟು ಮತ್ತೆ ಇಳಿದ.

ಮಧ್ಯಾಹ್ನದ ಗೋಷ್ಠಿಯ ಗಂಟೆ ಬಾರಿಸಿತು. ಸಮಾರೋಪವಾಗಿ, ಸ್ಮರಣಿಕೆಗಳನ್ನು ಹಂಚಿ, ಎಲ್ಲರೂ ಹೊರಗೆ ಬರುವಾಗ ಕತ್ತಲಾಗಿತ್ತು. ಮಳೆ ಹಿಡಿದು ರಸ್ತೆಯಲ್ಲಿ ಮೊಳಕಾಲುದ್ದ ನೀರು. ಮುಚ್ಚಳವನ್ನು ಹಾಕಿರಲಿಲ್ಲ. ಗೇಟಿನ ಮುಂದೆ ನೀರಿನ ನಡುವೆ, ಎಲೆ ಇನ್ನೂ ಬಾಡದ ಒಂದು ಮರದ ಕೊಂಬೆಯನ್ನು ಯಾರೋ ನೆಟ್ಟುಹೋಗಿದ್ದರು.